ಕಿಡ್ನಿ ಗೆಡ್ಡೆ ಯಾಕೆ ಕಾಯಬಹುದು: ಆರು ವಾರದ ಹಿಂದಿನ ನೂರೈವತ್ತು ವರ್ಷ

ಒಂದೇ ಅಂಗಕ್ಕೆ ಕನ್ನಡದಲ್ಲಿ ಮೂರು ಹೆಸರು. ಪಠ್ಯಪುಸ್ತಕದಲ್ಲಿ ಮೂತ್ರಜನಕಾಂಗ, ಪತ್ರಿಕೆಯಲ್ಲಿ ಮೂತ್ರಪಿಂಡ, ಮನೆಯಲ್ಲಿ ಕಿಡ್ನಿ. ಕ್ಯಾನ್ಸರಿಗೂ ಪುಸ್ತಕದ ಹೆಸರೊಂದಿದೆ: ಅರ್ಬುದ. ಸಂಸ್ಕೃತದ ಹಳೆಯ ಎಣಿಕೆಯಲ್ಲಿ ಅದೇ ಪದಕ್ಕೆ ಕೋಟಿಗಳ ಅಳತೆಯ ದೊಡ್ಡ ಸಂಖ್ಯೆ ಎಂಬ ಅರ್ಥವೂ ಇದೆ. ಮಾತಿನಲ್ಲಿ ಮಾತ್ರ ಯಾರೂ ಅರ್ಬುದ ಅನ್ನುವುದಿಲ್ಲ. ನಮ್ಮ ಹಾಸನದ ಕಡೆ ಹಳಬರು ಕ್ಯಾನ್ಸರ್ ಅಂತಲೂ ಅನ್ನುತ್ತಿರಲಿಲ್ಲ. "ಆ ಕಾಯಿಲೆ" ಅಂದರೆ ಸಾಕಿತ್ತು.

ಆ ಕಾಯಿಲೆ ಈಗ ನನಗಿದೆ. ಎಡಗಡೆಯ ಕಿಡ್ನಿಯಲ್ಲಿ 2.9 ಸೆಂ.ಮೀ. ಗೆಡ್ಡೆ. ಸಿಂಗಪುರದಲ್ಲಿ ಎಷ್ಟೋ ಆಫೀಸುಗಳು ವರ್ಷಕ್ಕೊಮ್ಮೆ ಹೆಲ್ತ್ ಸ್ಕ್ರೀನಿಂಗ್ ಮಾಡಿಸುತ್ತವೆ. ನನ್ನ ಪ್ಯಾಕೇಜಿನಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಸೇರಿತ್ತು, ಹಾಗಾಗಿ ಸಿಕ್ಕಿತು. ನೋವಿರಲಿಲ್ಲ, ಜ್ವರ ಇರಲಿಲ್ಲ. ಹಿಂದಿನ ಭಾನುವಾರವಷ್ಟೇ ಈಸ್ಟ್ ಕೋಸ್ಟ್ ಪಾರ್ಕಿನಲ್ಲಿ ಎಂಟು ಕಿಲೋಮೀಟರ್ ಓಡಿದ್ದೆ. ಅಲ್ಟ್ರಾಸೌಂಡ್ ಆದಮೇಲೆ ಸಿ.ಟಿ. ಸ್ಕ್ಯಾನ್, ಅದಾದಮೇಲೆ ಸೂಜಿ ಹಾಕಿ ತೆಗೆದ ಬಯಾಪ್ಸಿ. ಕ್ಲಿಯರ್ ಸೆಲ್ ಕಾರ್ಸಿನೋಮ, ಹಂತ ಟಿ1ಎ. ಗೆಡ್ಡೆ ನಾಲ್ಕು ಸೆಂಟಿಮೀಟರಿಗಿಂತ ದೊಡ್ಡದಾಗಿಲ್ಲ, ಕಿಡ್ನಿಯ ಒಳಗೇ ಇದೆ ಅಂತ ಅದರ ಅರ್ಥ. ಆಪರೇಷನ್‌ಗೆ ದಿನ ಕೊಟ್ಟರು. ಅವತ್ತಿನಿಂದ ಲೆಕ್ಕ ಹಾಕಿದರೆ ಆರು ವಾರ.

ಕ್ಯಾನ್ಸರ್ ಅಂತ ಹೇಳಿ, ಆರು ವಾರ ಬಿಟ್ಟು ಬನ್ನಿ ಅನ್ನುವುದು ಯಾವ ಲೆಕ್ಕ? ಸರ್ಜನ್ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟರು: "ಆರು ವಾರದಲ್ಲಿ ಏನೂ ಬದಲಾಗಲ್ಲ." ದತ್ತಾಂಶ ನೋಡಿ ಹೊಟ್ಟೆ ಹೊರೆಯುವ ನನಗೆ ಒಂದು ವಾಕ್ಯ ಸಾಲಲಿಲ್ಲ. ಅಷ್ಟು ನಿರಾಳವಾಗಿ ಅದನ್ನು ಹೇಳುವ ಧೈರ್ಯ ವೈದ್ಯರಿಗೆ ಬಂದದ್ದು ಯಾವಾಗ, ಹೇಗೆ ಅಂತ ಹುಡುಕುತ್ತಾ ಹೋದೆ. ಈ ವಾರದ ಎಪಿಸೋಡಿನಲ್ಲಿ ಹೇಳಿದ್ದು ಅದರ ಅರ್ಧ ಭಾಗ. ಉಳಿದದ್ದೂ ಸೇರಿ ಇಲ್ಲಿದೆ.

ಮೊದಲು ಅಮೆರಿಕದ ಮಿಲ್ವಾಕಿ, 1861. ಎರಾಸ್ಟಸ್ ವೋಲ್ಕಾಟ್ ಎಂಬ ಸರ್ಜನ್ ಒಬ್ಬ ರೋಗಿಯ ಹೊಟ್ಟೆಯಲ್ಲಿದ್ದ ದೊಡ್ಡ ಗೆಡ್ಡೆ ತೆಗೆದರು. ಅದು ಯಕೃತ್ತಿನದು ಅಂದುಕೊಂಡು ಶುರುಮಾಡಿದ ಆಪರೇಷನ್. ಹೊರಗೆ ಬಂದದ್ದು ಕಿಡ್ನಿ. ರೋಗಿ ಹದಿನೈದು ದಿನ ಬದುಕಿದ್ದರು. ಮನುಷ್ಯನ ಕಿಡ್ನಿ ಗೆಡ್ಡೆಯನ್ನು ತೆಗೆದ ಮೊದಲ ದಾಖಲೆ ಅಂತ ವೈದ್ಯಚರಿತ್ರೆಯಲ್ಲಿ ಎಣಿಸುವುದು ಇದನ್ನೇ, ಅಂದರೆ ಒಂದು ಆಕಸ್ಮಿಕವನ್ನು.

ಯೋಚನೆ ಮಾಡಿ, ತಯಾರಿ ನಡೆಸಿ ಕಿಡ್ನಿ ತೆಗೆದದ್ದು ಎಂಟು ವರ್ಷ ಕಳೆದ ಮೇಲೆ, ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ. ಮಾರ್ಗರೇಟಾ ಕ್ಲೆಬ್ ಎಂಬ 46 ವರ್ಷದ ಹೆಂಗಸಿಗೆ ಹಿಂದೆ ಆಗಿದ್ದ ಅಂಡಾಶಯದ ಆಪರೇಷನ್‌ನಲ್ಲಿ ಮೂತ್ರನಾಳಕ್ಕೆ ಗಾಯವಾಗಿತ್ತು. ಮೂತ್ರ ಸದಾ ಸೋರುತ್ತಿತ್ತು. ಆಕೆಗಿದ್ದದ್ದು ಕ್ಯಾನ್ಸರ್ ಅಲ್ಲ ಅನ್ನುವುದನ್ನು ಗಮನಿಸಿ. ಸೋರಿಕೆ ನಿಲ್ಲಿಸುವ ಬೇರೆ ಪ್ರಯತ್ನಗಳೆಲ್ಲ ಸೋತ ಮೇಲೆ ಸರ್ಜನ್ ಗುಸ್ತಾವ್ ಸೈಮನ್‌ಗೆ ಉಳಿದ ದಾರಿ ಆ ಕಿಡ್ನಿಯನ್ನೇ ತೆಗೆಯುವುದು. ಆದರೆ ಒಂದೇ ಕಿಡ್ನಿಯಲ್ಲಿ ಮನುಷ್ಯ ಬದುಕುತ್ತಾನಾ ಅನ್ನುವುದು ಆಗ ಯಾರಿಗೂ ಖಚಿತವಿರಲಿಲ್ಲ. ಸೈಮನ್ ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಒಂದು ಕಿಡ್ನಿ ಕಳೆದುಕೊಂಡ ನಾಯಿಗಳು ಚೆನ್ನಾಗಿಯೇ ಇದ್ದವು. 1869ರ ಆಗಸ್ಟ್ 2ರಂದು ಕ್ಲೆಬ್ ಅವರ ಆಪರೇಷನ್ ಆಯಿತು. ಅವರು ಬದುಕಿದರು.

ಇವತ್ತು ಯಾವ ಊರಿನ ಸರ್ಜನ್ ಆದರೂ "ಒಂದು ಕಿಡ್ನಿ ಸಾಕು ಬಿಡಿ" ಅನ್ನುತ್ತಾರಲ್ಲ, ಆ ಮಾತಿನ ಮೂಲ ಇಲ್ಲಿದೆ. ಆ ಹೆಂಗಸು ಆಪರೇಷನ್‌ಗೆ ಮೊದಲು ಕಾದ ದಿನಗಳನ್ನು ನಾನು ಈಗ ಆಗಾಗ ಊಹಿಸಿಕೊಳ್ಳುತ್ತೇನೆ. ಆಕೆಗೆ ಸಮಾಧಾನ ಹೇಳಲು ಡಾಕ್ಟರ ಹತ್ತಿರ ಇದ್ದ ಅಂಕಿಅಂಶ ನಾಯಿಗಳದ್ದು ಮಾತ್ರ.

1883ರಲ್ಲಿ ಪೌಲ್ ಗ್ರಾವಿಟ್ಸ್ ಎಂಬ ಜರ್ಮನ್ ರೋಗಶಾಸ್ತ್ರಜ್ಞ ಈ ಗೆಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಳದಿ ಬಣ್ಣ, ಕೊಬ್ಬು ತುಂಬಿದ ಕೋಶಗಳು. ಕಿಡ್ನಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ಚೂರುಗಳು ಕಿಡ್ನಿಯೊಳಗೆ ಸಿಕ್ಕಿಹಾಕಿಕೊಂಡು ಗೆಡ್ಡೆಯಾಗುತ್ತವೆ ಅಂತ ವಾದಿಸಿದರು. ವಾದ ತಪ್ಪಾಗಿತ್ತು, ಆದರೂ ಗ್ರಾವಿಟ್ಸ್ ಗೆಡ್ಡೆ ಅನ್ನುವ ಹೆಸರು ಬಹಳ ಕಾಲ ಉಳಿಯಿತು. ನನ್ನ ವರದಿಯಲ್ಲಿರುವ "ಕ್ಲಿಯರ್ ಸೆಲ್" ಅನ್ನುವ ಹೆಸರಿಗೂ ಅದೇ ಕೊಬ್ಬು ಕಾರಣ. ಸ್ಲೈಡ್ ತಯಾರಿಸುವಾಗ ಕೋಶದೊಳಗಿನ ಕೊಬ್ಬು ಕರಗಿಹೋಗಿ ಖಾಲಿ ಮನೆ ಥರ ತಿಳಿಯಾಗಿ ಕಾಣುತ್ತದೆ. ಖಾಲಿ ಮನೆ ಅಂತ ಕರೆದಿದ್ದರೂ ನಡೀತಿತ್ತು.

ನನ್ನ ಪ್ರಶ್ನೆಗೆ ಉತ್ತರ ಸಿಗುವುದು ಇಪ್ಪತ್ತನೇ ಶತಮಾನದಲ್ಲಿ. ಅದರ ಬಹುಪಾಲು ಕಾಲ ಕಿಡ್ನಿ ಕ್ಯಾನ್ಸರ್ ಗೊತ್ತಾಗುತ್ತಿದ್ದದ್ದು ಅದು ತಾನಾಗಿ ಬಾಗಿಲು ತಟ್ಟಿದಾಗ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಂಟು: ಈ ಮೂರನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಉರುಹೊಡೆಯುತ್ತಾರೆ. ಮೂರೂ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಆಗಲೇ ತಡವಾಗಿರುತ್ತಿತ್ತು. ಕಿಡ್ನಿ ಇರುವ ಜಾಗವೇ ಅಂಥದ್ದು. ಬೆನ್ನಿನ ಕಡೆ, ಕೊಬ್ಬಿನ ದಿಂಬಿನೊಳಗೆ. ಅಲ್ಲಿ ಏನು ಬೆಳೆದರೂ ಬಹಳ ದಿನ ಗೊತ್ತಾಗುವುದಿಲ್ಲ. ಅಂಥ ಗೆಡ್ಡೆಗೆ ಕಾಯುವುದು ಅನ್ನುವ ಮಾತೇ ಇರಲಿಲ್ಲ. ಟೊರಾಂಟೊದ ಚಾರ್ಲ್ಸ್ ರಾಬ್ಸನ್ 1963ರಲ್ಲಿ, ಆಮೇಲೆ 1969ರಲ್ಲಿ ಪ್ರಕಟಿಸಿದ ಫಲಿತಾಂಶಗಳ ಮೇಲೆ ಒಂದು ಪದ್ಧತಿ ಗಟ್ಟಿಯಾಯಿತು: ಕಿಡ್ನಿ, ಅದರ ಸುತ್ತಲಿನ ಕೊಬ್ಬು, ಮೇಲಿನ ಅಡ್ರಿನಲ್, ಹತ್ತಿರದ ದುಗ್ಧಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯುವುದು. ಆ ಕಾಲದ ಗೆಡ್ಡೆಗಳಿಗೆ ಅದು ಸರಿಯಾದ ಉತ್ತರವೇ.

ಅಷ್ಟರಲ್ಲಿ ಬೇರೆ ಕಡೆಯಿಂದ ಒಂದು ಯಂತ್ರ ಬಂತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ರೂಪಿಸಿದ ಸಿ.ಟಿ. ಸ್ಕ್ಯಾನರ್‌ನಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. ಕೆಲವೇ ವರ್ಷಗಳಲ್ಲಿ ಇಡೀ ದೇಹದ ಸ್ಕ್ಯಾನರ್‌ಗಳು ಬಂದವು, ಅಲ್ಟ್ರಾಸೌಂಡ್ ಕೂಡ ಊರೂರಿಗೆ ಹಬ್ಬಿತು. ಇವನ್ನು ಕಿಡ್ನಿ ಕ್ಯಾನ್ಸರ್ ಹುಡುಕಲಿಕ್ಕೆ ಅಂತ ಯಾರೂ ಮಾಡಿರಲಿಲ್ಲ. ಪಿತ್ತಕೋಶದ ಕಲ್ಲಿಗೋ ಬೆನ್ನುನೋವಿಗೋ ಸ್ಕ್ಯಾನ್ ಮಾಡಿಸಿದರೆ ಮೂಲೆಯಲ್ಲಿ ಒಂದು ಪುಟ್ಟ ಉಂಡೆ ಕಾಣಿಸುತ್ತಿತ್ತು, ಅಷ್ಟೆ. ಈಗ ಕಿಡ್ನಿ ಗೆಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗುವುದು ಹೀಗೆ, ಬೇರೇನನ್ನೋ ಹುಡುಕುವಾಗ.

ಎರಡು ಸೆಂಟಿಮೀಟರ್, ಮೂರು ಸೆಂಟಿಮೀಟರ್ ಗೆಡ್ಡೆಗಳು ಸಾಲುಸಾಲಾಗಿ ಕಣ್ಣಿಗೆ ಬಿದ್ದಾಗ ಸರ್ಜನ್‌ಗಳು ಮೊದಲು ಹಳೇ ಪದ್ಧತಿಯನ್ನೇ ಅವುಗಳಿಗೂ ಬಳಸಿದರು. ಪೂರ್ತಿ ಕಿಡ್ನಿ ಹೊರಗೆ. ಕ್ರಮೇಣ ಎರಡು ಬದಲಾವಣೆ ಆದವು. 1990ರ ಜೂನ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಲ್ಫ್ ಕ್ಲೇಮನ್ ಅವರ ತಂಡ 85 ವರ್ಷದ ಒಬ್ಬ ಅಜ್ಜಿಯ ಕಿಡ್ನಿಯನ್ನು ಸಣ್ಣ ರಂಧ್ರಗಳ ಮೂಲಕ, ಲ್ಯಾಪರೋಸ್ಕೋಪ್‌ನಿಂದ ತೆಗೆಯಿತು. ಇನ್ನೊಂದು ಕಡೆ, ಗೆಡ್ಡೆ ಇರುವ ಭಾಗವನ್ನಷ್ಟೇ ಕತ್ತರಿಸಿ ಉಳಿದ ಕಿಡ್ನಿ ಉಳಿಸಿಕೊಂಡರೂ ಸಣ್ಣ ಗೆಡ್ಡೆಗಳಲ್ಲಿ ಕ್ಯಾನ್ಸರ್ ವಾಸಿಯಾಗುವ ಪ್ರಮಾಣ ಕಡಿಮೆಯಾಗುವುದಿಲ್ಲ ಅಂತ ಕಂಡುಬಂತು. 2009ರಲ್ಲಿ ಅಮೆರಿಕದ ಯುರಾಲಜಿ ಸಂಘ ತನ್ನ ಮಾರ್ಗಸೂಚಿಯಲ್ಲಿ ಸಣ್ಣ ಗೆಡ್ಡೆಗೆ ಈ ಭಾಗಶಃ ಆಪರೇಷನ್ ಅನ್ನೇ ಮುಂದಿಟ್ಟಿತು. ನನಗೂ ಮಾಡುವುದು ಅದೇ, ರೋಬಾಟ್ ಕೈಗಳ ಸಹಾಯದಿಂದ. ಕಿಡ್ನಿಗೆ ಹೋಗುವ ರಕ್ತವನ್ನು ಕೆಲವು ನಿಮಿಷ ಕ್ಲಿಪ್ ಹಾಕಿ ನಿಲ್ಲಿಸಿ, ಗೆಡ್ಡೆ ಕತ್ತರಿಸಿ, ಹೊಲಿದು, ಮತ್ತೆ ರಕ್ತ ಬಿಡುತ್ತಾರೆ. ಆ ನಿಮಿಷಗಳ ಲೆಕ್ಕ ಗಡಿಯಾರ ನೋಡಿಕೊಂಡೇ ನಡೆಯುತ್ತದೆಯಂತೆ.

ಮೂರನೇ ಬದಲಾವಣೆಯೇ ನನಗೆ ಬೇಕಾಗಿದ್ದದ್ದು. ಸಣ್ಣ ಗೆಡ್ಡೆ ಇರುವವರಲ್ಲಿ ಕೆಲವರು ತುಂಬಾ ವಯಸ್ಸಾದವರು, ಹೃದಯದ ತೊಂದರೆ ಇರುವವರು. ಅವರಿಗೆ ಆಪರೇಷನ್ ಮಾಡುವಂತಿಲ್ಲ. ಬೇರೆ ದಾರಿಯಿಲ್ಲದೆ ವೈದ್ಯರು ಆರಾರು ತಿಂಗಳಿಗೆ ಸ್ಕ್ಯಾನ್ ಮಾಡುತ್ತಾ ಸುಮ್ಮನೆ ನೋಡುತ್ತಾ ಕೂತರು. ಹಾಗೆ ಕೂತವರ ದಾಖಲೆಗಳನ್ನು ಒಟ್ಟುಮಾಡಿ 2006ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ 234 ಗೆಡ್ಡೆಗಳಿದ್ದವು. ಸರಾಸರಿ ಬೆಳವಣಿಗೆ ವರ್ಷಕ್ಕೆ 0.28 ಸೆಂ.ಮೀ. ಬೇರೆ ಅಂಗಕ್ಕೆ ಹರಡಿದ್ದು ನೂರಕ್ಕೆ ಒಂದರಷ್ಟು.

ಲೆಕ್ಕ ಮಾಡಿ. ವರ್ಷಕ್ಕೆ 2.8 ಮಿಲಿಮೀಟರ್ ಅಂದರೆ ಆರು ವಾರಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗ. ಇದರಲ್ಲಿ ಒಂದು ಕೊಕ್ಕೆ ಇದೆ. ನಾಲ್ಕು ಸೆಂಟಿಮೀಟರಿಗಿಂತ ಸಣ್ಣ ಗೆಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರೇ ಆಗಿರುವುದಿಲ್ಲ, ನಿರುಪದ್ರವಿ. ಸರಾಸರಿಯಲ್ಲಿ ಅವೂ ಸೇರಿಕೊಂಡಿವೆ. ನನ್ನದು ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಗಿರುವುದರಿಂದ ಸರಾಸರಿಗಿಂತ ವೇಗವಾಗಿ ಬೆಳೆಯಬಹುದು. ಸರಿ, ಮೂರು ಪಟ್ಟು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಆರು ವಾರಕ್ಕೆ ಒಂದು ಮಿಲಿಮೀಟರ್. ಸ್ಕ್ಯಾನ್ ನೋಡಿ ಅಳೆಯುವ ಇಬ್ಬರು ರೇಡಿಯಾಲಜಿಸ್ಟ್‌ಗಳ ನಡುವಿನ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ ಇರಬಹುದು. ಸರ್ಜನ್ ಹೇಳಿದ ಒಂದು ವಾಕ್ಯದೊಳಗೆ ಇದ್ದದ್ದು ಇದು: ಆಪರೇಷನ್ ಮಾಡಲಾಗದ ಮುದುಕರು ಮುದುಕಿಯರು, ಅವರ ಆರಾರು ತಿಂಗಳ ಸ್ಕ್ಯಾನ್‌ಗಳು.

ಇದೇ ತಿಳಿವಳಿಕೆಯನ್ನು ಇಡೀ ಜಗತ್ತು ಒಮ್ಮೆಲೇ ಬಳಸಬೇಕಾಗಿ ಬಂದದ್ದು 2020ರಲ್ಲಿ. ಇಲ್ಲಿ ಏಪ್ರಿಲ್ 7ರಿಂದ ಜೂನ್ 1ರವರೆಗೆ ಲಾಕ್‌ಡೌನ್, ಸಿಂಗಪುರದ ಭಾಷೆಯಲ್ಲಿ ಸರ್ಕ್ಯೂಟ್ ಬ್ರೇಕರ್. ತುರ್ತಲ್ಲದ ಆಪರೇಷನ್‌ಗಳು ಮುಂದಕ್ಕೆ ಹೋದವು. ಯಾವ ಕ್ಯಾನ್ಸರ್ ಕಾಯಬಹುದು, ಯಾವುದು ಕಾಯಲಾರದು ಅಂತ ಯುರಾಲಜಿ ಸಂಘಟನೆಗಳು ತರಾತುರಿಯಲ್ಲಿ ಪಟ್ಟಿ ಮಾಡಿದಾಗ, ಸಣ್ಣ ಕಿಡ್ನಿ ಗೆಡ್ಡೆಗಳು ಬಂದದ್ದು ಕೆಲವು ತಿಂಗಳು ಕಾಯಬಹುದಾದವುಗಳ ಸಾಲಿನಲ್ಲಿ.

ಇಷ್ಟು ಓದಿದ ಮೇಲೆ ರಾತ್ರಿ ನಿದ್ದೆ ಬಂತಾ ಅಂತ ಕೇಳಬೇಡಿ. ಬೆಳಿಗ್ಗೆ ಗ್ರಾಫ್ ಹೇಳಿದ್ದನ್ನು ರಾತ್ರಿ ಎರಡು ಗಂಟೆಗೆ ಹೊಟ್ಟೆ ನಂಬುವುದಿಲ್ಲ. ಪಕ್ಕೆಯಲ್ಲಿ ಎಂದೂ ಇಲ್ಲದ ನೋವು ಶುರುವಾಗುತ್ತದೆ, ಬಲಗಡೆ. ಗೆಡ್ಡೆ ಇರುವುದು ಎಡಗಡೆ. ಅಮೆರಿಕದ ಅಂಕಿಅಂಶದಲ್ಲಿ ಕಿಡ್ನಿಯೊಳಗೇ ಇರುವ ಕ್ಯಾನ್ಸರ್‌ಗೆ ಐದು ವರ್ಷದ ಬದುಕುಳಿಯುವ ಪ್ರಮಾಣ ಶೇಕಡಾ 93ರ ಆಸುಪಾಸು. ಹಗಲು ಅದು 93. ರಾತ್ರಿ ಅದು ಏಳು.

ಈ ವಿಷಯದಲ್ಲಿ ಸ್ಟೀಫನ್ ಜೇ ಗೌಲ್ಡ್ ಅವರನ್ನು ನೆನೆಯಬೇಕು. ಅವರು ಜೀವವಿಕಾಸ ವಿಜ್ಞಾನಿ. 1982ರಲ್ಲಿ ಅವರಿಗೆ ಹೊಟ್ಟೆಯ ಪೊರೆಯ ಅಪರೂಪದ ಕ್ಯಾನ್ಸರ್ ಬಂತು. ಪುಸ್ತಕದ ಪ್ರಕಾರ ಅಂಥ ರೋಗಿಗಳ ಮಧ್ಯಾಂಕ ಆಯಸ್ಸು ಎಂಟು ತಿಂಗಳು. ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಆ ಅರ್ಧದ ಬಾಲ ಬಲಕ್ಕೆ ಎಷ್ಟು ಉದ್ದ ಬೇಕಾದರೂ ಚಾಚಿಕೊಂಡಿರಬಹುದು ಅಂತ ಅವರು 1985ರಲ್ಲಿ ಲೇಖನ ಬರೆದರು. ತೀರಿಕೊಂಡದ್ದು 2002ರಲ್ಲಿ. ನನ್ನ ಕೆಲಸದಲ್ಲಿ ಹೊಸಬರಿಗೆ ವಿತರಣೆಯ ಓರೆ ಅಂದರೆ ಏನು ಅಂತ ಕಲಿಸುವಾಗ ಈ ಕಥೆ ಹೇಳುತ್ತಿದ್ದೆ. ಇನ್ನು ಮೇಲೂ ಹೇಳುತ್ತೇನೆ, ಧ್ವನಿ ಸ್ವಲ್ಪ ಬೇರೆ ಇರಬಹುದು.

ಅಂಕಿಗಳು ಎಲ್ಲಿಂದ ಬರುತ್ತವೆ ಅನ್ನುವ ಕುತೂಹಲವೇ ನನ್ನನ್ನು ಸಿಂಗಪುರದ ಚರಿತ್ರೆಗೆ ಕರೆದುಕೊಂಡು ಹೋಯಿತು. ಇಲ್ಲಿನ ಜನರಲ್ ಹಾಸ್ಪಿಟಲ್ ಇರುವ ಔಟ್ರಮ್ ಗುಡ್ಡಕ್ಕೆ ಹಳೇ ಹೆಸರು ಸಿಪಾಯ್ ಲೈನ್ಸ್. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಭಾರತೀಯ ಸಿಪಾಯಿಗಳ ವಸತಿ ಅಲ್ಲಿತ್ತು. 1821ರಲ್ಲಿ ದಂಡಿನ ಒಂದು ಮರದ ಶೆಡ್ಡಿನಲ್ಲಿ ಶುರುವಾದ ಆಸ್ಪತ್ರೆ ಹಲವು ಕಡೆ ತಿರುಗಿ 1882ರಲ್ಲಿ ಈ ಗುಡ್ಡಕ್ಕೆ ಬಂತು. ಹೊಕ್ಕಿಯೆನ್ ಮಾತಾಡುವ ಹಿರಿಯ ಚೀನೀಯರು ಆಸ್ಪತ್ರೆಗೆ ಹೋಗುವುದನ್ನು ಈಗಲೂ "ಸಿ ಪಾಯ್ ಪೊ"ಗೆ ಹೋಗುವುದು ಅನ್ನುತ್ತಾರೆ. ಅವರ ಬಾಯಲ್ಲಿ ಸಿಪಾಯಿ ಉಳಿದುಕೊಂಡಿದ್ದಾನೆ. ಅದೇ ಆವರಣದಲ್ಲಿ 1999ರಿಂದ ನ್ಯಾಷನಲ್ ಕ್ಯಾನ್ಸರ್ ಸೆಂಟರ್ ಕೂಡ ಇದೆ.

ಕಟ್ಟಡಗಳಿಗಿಂತ ನನಗೆ ದೊಡ್ಡದಾಗಿ ಕಂಡದ್ದು ಒಂದು ಪಟ್ಟಿ. 1968ರಲ್ಲಿ, ದೇಶಕ್ಕೆ ಇನ್ನೂ ಮೂರು ವರ್ಷ ತುಂಬುತ್ತಿದ್ದಾಗ, ಪ್ರೊ. ಕೆ. ಷಣ್ಮುಗರತ್ನಂ ಎಂಬ ರೋಗಶಾಸ್ತ್ರಜ್ಞ ಸಿಂಗಪುರ ಕ್ಯಾನ್ಸರ್ ರಿಜಿಸ್ಟ್ರಿ ಶುರುಮಾಡಿದರು. ಇಡೀ ದೇಶದ ಪ್ರತಿಯೊಂದು ಕ್ಯಾನ್ಸರ್ ಅನ್ನೂ ಬರೆದಿಡುವ ದಾಖಲೆ ಅದು. ಈಗಿನ ಅಧ್ಯಕ್ಷ ಥರ್ಮನ್ ಷಣ್ಮುಗರತ್ನಂ ಅವರ ತಂದೆ ಅಂದರೆ ಇಲ್ಲಿರುವವರಿಗೆ ಬೇಗ ಗುರುತು ಸಿಗಬಹುದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆಸ್ಪತ್ರೆ, ಪ್ರಯೋಗಾಲಯ, ಮರಣದಾಖಲೆ ಎಲ್ಲವನ್ನೂ ಜೋಡಿಸಿ ಒಬ್ಬ ವ್ಯಕ್ತಿಯನ್ನು ಎರಡು ಸಲ ಎಣಿಸದ ಹಾಗೆ ನೋಡಿಕೊಳ್ಳುವುದು ಎಂಥ ಕೆಲಸ ಅಂತ ನನ್ನಂಥವರಿಗೆ ಗೊತ್ತು. ಹದಿನಾಲ್ಕು ವರ್ಷದ ನಂತರ, 1982ರಲ್ಲಿ, ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಕ್ರಮದಲ್ಲಿ ಬೆಂಗಳೂರಿನ ರಿಜಿಸ್ಟ್ರಿ ಕಿದ್ವಾಯಿ ಸ್ಮಾರಕ ಸಂಸ್ಥೆಯಿಂದ ಎಣಿಕೆ ಶುರುಮಾಡಿತು, ಬಾಂಬೆ ಮದ್ರಾಸುಗಳ ಜೊತೆಗೆ.

ಈಗ ನನ್ನನ್ನು ಎಲ್ಲಿ ಎಣಿಸುತ್ತಾರೆ? ಸಿಂಗಪುರದ ವರದಿಗಳು ಲೆಕ್ಕ ಕೊಡುವುದು ಪ್ರಜೆಗಳು ಮತ್ತು ಪಿ.ಆರ್. ಇರುವವರದ್ದು. ನನ್ನದು ಎಂಪ್ಲಾಯ್‌ಮೆಂಟ್ ಪಾಸ್. ಬೆಂಗಳೂರಿನ ಲೆಕ್ಕಕ್ಕೆ ಸೇರಬೇಕಾದರೆ ಆ ಊರಿನಲ್ಲಿ ವರ್ಷವಾದರೂ ವಾಸವಿರಬೇಕು. ಎರಡೂ ನಿಯಮ ಸರಿಯಾಗಿವೆ. ಛೇದದಲ್ಲಿ ಇಲ್ಲದವರನ್ನು ಅಂಶದಲ್ಲಿ ಸೇರಿಸಬಾರದು. ನಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ. ಆದರೂ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ನಾನು, ನನ್ನ 2.9 ಸೆಂಟಿಮೀಟರ್.

ದುಡ್ಡಿನ ವಿಷಯದಲ್ಲೂ ಇದೇ ಸಂದಿ. 2015ರಿಂದ ಇರುವ ಮೆಡಿಶೀಲ್ಡ್ ಲೈಫ್ ವಿಮೆ ಪ್ರಜೆಗಳಿಗೆ, ಪಿ.ಆರ್.ಗಳಿಗೆ. ವರ್ಕ್ ಪರ್ಮಿಟ್, ಎಸ್ ಪಾಸ್ ಇರುವವರಿಗೆ ಕಂಪನಿ ವೈದ್ಯಕೀಯ ವಿಮೆ ಕೊಡಿಸಲೇಬೇಕು ಅಂತ ಕಾನೂನಿದೆ. ಎಂಪ್ಲಾಯ್‌ಮೆಂಟ್ ಪಾಸ್‌ಗೆ ಆ ಕಡ್ಡಾಯವಿಲ್ಲ, ಕಂಪನಿ ಕೊಟ್ಟರೆ ಉಂಟು. ಹೊಸದಾಗಿ ಇಲ್ಲಿಗೆ ಬರುವ ಕನ್ನಡದ ಹುಡುಗ ಹುಡುಗಿಯರು ಆಫರ್ ಲೆಟರ್‌ನಲ್ಲಿ ಸಂಬಳದ ಸಾಲು ಓದಿದಷ್ಟೇ ಗಮನದಿಂದ ವಿಮೆಯ ಸಾಲನ್ನೂ ಓದಲಿ. ನನಗೆ ಕಂಪನಿ ವಿಮೆ ಇದೆ. ಅಣ್ಣ "ಬೆಂಗಳೂರಿಗೆ ಬಂದುಬಿಡು, ಇಲ್ಲಿ ಇದನ್ನ ದಿನಾ ಮಾಡ್ತಾರೆ" ಅಂದ. ಅದೂ ನಿಜ. ಸ್ಕ್ಯಾನ್, ಬಯಾಪ್ಸಿ ಎಲ್ಲಾ ನೋಡಿದ ತಂಡ ಇಲ್ಲಿದೆ ಅಂತ ಇಲ್ಲೇ ಉಳಿದೆ.

ಮನೆಯವರಿಗೆ ಹೇಳುವ ವಿಷಯ ಬೇರೆಯೇ ಒಂದು ಚರಿತ್ರೆ. 1961ರಲ್ಲಿ ಶಿಕಾಗೊದಲ್ಲಿ ಡೊನಾಲ್ಡ್ ಓಕನ್ ಎಂಬ ವೈದ್ಯ 219 ಡಾಕ್ಟರುಗಳನ್ನು ಕೇಳಿ ನೋಡಿದರು: ಕ್ಯಾನ್ಸರ್ ಅಂತ ರೋಗಿಗೆ ಹೇಳುತ್ತೀರಾ? ನೂರಕ್ಕೆ ತೊಂಬತ್ತು ಜನ ಹೇಳದೇ ಇರುವುದೇ ಒಳ್ಳೇದು ಅಂದರು. 1979ರಲ್ಲಿ ಅದೇ ಪ್ರಶ್ನೆಯನ್ನು ರಾಚೆಸ್ಟರ್‌ನಲ್ಲಿ ಕೇಳಿದಾಗ 97 ಶೇಕಡಾ ಹೇಳುತ್ತೇವೆ ಅಂದರು. ಹದಿನೆಂಟು ವರ್ಷದಲ್ಲಿ ತಲೆಕೆಳಗು! ಹಾಗಾಗಿ "ನಮ್ಮ ಕಡೆ ರೋಗಿಗೆ ಹೇಳಲ್ಲ, ಅದು ನಮ್ಮ ಸಂಸ್ಕೃತಿ" ಅಂತ ಯಾರಾದರೂ ಗಂಭೀರವಾಗಿ ಹೇಳಿದರೆ ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಅಮೆರಿಕದ ಸಂಸ್ಕೃತಿಯೂ ಮೊನ್ನೆಮೊನ್ನೆಯವರೆಗೆ ಅದೇ ಆಗಿತ್ತು. ಚಿಕಿತ್ಸೆ ಇಲ್ಲದ ಕಡೆ ಮೌನ ಇರುತ್ತದೆ. ಚಿಕಿತ್ಸೆ ಬಂದ ಮೇಲೂ ಮೌನ ಹೋಗಲು ಕೆಲವು ವರ್ಷ ಬೇಕು.

ಹೊರದೇಶದಲ್ಲಿರುವ ನಮ್ಮಲ್ಲಿ ಈ ಮೌನ ತಿರುಗಿಬಿದ್ದಿದೆ. ಡಾಕ್ಟರು ರೋಗಿಗೆ ಹೇಳುತ್ತಾರೆ, ರೋಗಿ ಅಪ್ಪ ಅಮ್ಮನಿಗೆ ಹೇಳುವುದಿಲ್ಲ. ದಿನಾ ಸಂಜೆ ವಿಡಿಯೋ ಕಾಲ್, ಊಟ ಆಯ್ತಾ, ಏನು ಸಾರು, ಮಳೆನಾ. ಅರಸೀಕೆರೆಯಲ್ಲಿ ಅಮ್ಮನಿಗೆ ಬಿ.ಪಿ. ಇದೆ, ಆಪರೇಷನ್ ಆದ ಮೇಲೆ ಹೇಳಿದರಾಯಿತು ಅಂತ ಅಣ್ಣನ ವಾದ. ನಾನೂ ಒಪ್ಪುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಆಸ್ಪತ್ರೆಯವರು ನನ್ನನ್ನು ಜೆನೆಟಿಕ್ಸ್ ಕ್ಲಿನಿಕ್ಕಿಗೆ ಕಳಿಸಿದರು.

ಕಿಡ್ನಿ ಕ್ಯಾನ್ಸರ್ ಸಾಮಾನ್ಯವಾಗಿ ಅರವತ್ತರ ಆಚೀಚೆ ಬರುವ ಕಾಯಿಲೆ. 46 ವಯಸ್ಸು ಅಥವಾ ಅದಕ್ಕಿಂತ ಮೊದಲೇ ಬಂದರೆ ವಂಶದಲ್ಲಿ ಏನಾದರೂ ಇದೆಯಾ ಅಂತ ನೋಡಿ ಅನ್ನುತ್ತವೆ ಮಾರ್ಗಸೂಚಿಗಳು. ನಾನಿನ್ನೂ ಮೂವತ್ತರ ಹತ್ತರಲ್ಲಿದ್ದೇನೆ. ಹೀಗೆ ವಂಶದಲ್ಲಿ ಬರುವ ಕಾರಣಗಳಲ್ಲಿ ಹೆಚ್ಚು ಹೆಸರಾದದ್ದು ವಾನ್ ಹಿಪ್ಪೆಲ್-ಲಿಂಡೌ ಕಾಯಿಲೆ. ಜರ್ಮನಿಯ ಕಣ್ಣಿನ ಡಾಕ್ಟರ್ ಯೂಜೆನ್ ವಾನ್ ಹಿಪ್ಪೆಲ್ 1904ರಲ್ಲಿ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳ ವಿಚಿತ್ರ ಗಂಟುಗಳನ್ನು ವಿವರಿಸಿದರು. 1926ರಲ್ಲಿ ಸ್ವೀಡನ್ನಿನ ಅರ್ವಿಡ್ ಲಿಂಡೌ ಅವನ್ನು ಮೆದುಳಿನ, ಹೊಟ್ಟೆಯ ಗೆಡ್ಡೆಗಳ ಜೊತೆ ಜೋಡಿಸಿದರು. 1993ರಲ್ಲಿ ಆ ಕುಟುಂಬಗಳಲ್ಲಿ ಕೆಟ್ಟಿರುವ ಜೀನ್ ಸಿಕ್ಕಿತು. ಆಮೇಲೆ ಸಿಕ್ಕಿದ್ದು ಎಲ್ಲರಿಗೂ ಸಂಬಂಧಪಟ್ಟ ಸುದ್ದಿ: ವಂಶದಲ್ಲಿ ಏನೂ ಇಲ್ಲದ ಸಾಮಾನ್ಯ ಕ್ಲಿಯರ್ ಸೆಲ್ ಗೆಡ್ಡೆಗಳಲ್ಲೂ ಬಹುಪಾಲು ಅದೇ ಜೀನ್ ಗೆಡ್ಡೆಯ ಕೋಶದೊಳಗೆ ಕೆಟ್ಟಿರುತ್ತದೆ.

ಆ ಜೀನ್ ಸರಿಯಿದ್ದಾಗ ಮಾಡುವ ಕೆಲಸ, ಆಮ್ಲಜನಕ ಸಾಕಷ್ಟಿದೆ ಅಂತ ಕೋಶಕ್ಕೆ ತಿಳಿಸುವ ವ್ಯವಸ್ಥೆಯನ್ನು ನಡೆಸುವುದು. ಅದು ಕೆಟ್ಟರೆ ಕೋಶಕ್ಕೆ ಸದಾ ಉಸಿರು ಕಟ್ಟಿದ ಭಾವ. ರಕ್ತನಾಳ ಕಳಿಸಿ, ರಕ್ತನಾಳ ಕಳಿಸಿ ಅಂತ ಕೂಗುತ್ತಲೇ ಇರುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಕಿಡ್ನಿ ಕ್ಯಾನ್ಸರ್ ಇನ್ನೊಂದು ಜೀನನ್ನೂ ಆಗಾಗ ಕೆಡಿಸುತ್ತದೆ ಅಂತ 2011ರಲ್ಲಿ ಕಂಡುಹಿಡಿದ ಅಂತರರಾಷ್ಟ್ರೀಯ ತಂಡದಲ್ಲಿ ಸಿಂಗಪುರದ ಕ್ಯಾನ್ಸರ್ ಸೆಂಟರ್‌ನ ಪ್ರೊ. ತೆ ಬಿನ್ ತಿಯಾನ್ ಇದ್ದರು.

"ಕೀಮೋ ಯಾವಾಗ, ಕೂದಲು ಹೋಗುತ್ತಾ" ಅಂತ ವಿಷಯ ಗೊತ್ತಾದ ಸ್ನೇಹಿತರೆಲ್ಲ ಕೇಳಿದರು. ಕಿಡ್ನಿ ಕ್ಯಾನ್ಸರ್ ಸಾಮಾನ್ಯ ಕೀಮೋಗೆ ಜಗ್ಗುವುದಿಲ್ಲ. ಹರಡಿದ ಕಾಯಿಲೆಗೆ 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಇಂಟರ್‌ಲ್ಯೂಕಿನ್-2 ಕೆಲವೇ ಜನರಿಗೆ ಹಿಡಿಯಿತು, ಅದೂ ಬಹಳ ಕಷ್ಟ ಕೊಟ್ಟು. 2005ರ ಕೊನೆಯಲ್ಲಿ ಸೊರಾಫೆನಿಬ್, ಮರುತಿಂಗಳೇ ಸುನಿಟಿನಿಬ್ ಬಂದವು. ರಕ್ತನಾಳದ ಆ ಕೂಗನ್ನೇ ಅಡಗಿಸುವ ಮಾತ್ರೆಗಳು ಇವು. 2015ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವ ನಿವೊಲುಮಾಬ್ ಬಂತು. ನನ್ನ ಹಂತಕ್ಕೆ ಇವು ಯಾವುವೂ ಬೇಕಾಗಿಲ್ಲ. ಆದರೂ ಕಪಾಟಿನಲ್ಲಿ ಇವೆ ಅನ್ನುವುದು ರಾತ್ರಿ ಎರಡು ಗಂಟೆಗೆ ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ಜೆನೆಟಿಕ್ಸ್ ಕ್ಲಿನಿಕ್ಕಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಆಪ್ತಸಲಹೆಗಾರ್ತಿ ಬಿಳಿ ಹಾಳೆ ಇಟ್ಟುಕೊಂಡು ಕೂತರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೆರೆ. ಮೂರು ತಲೆಮಾರು ಬೇಕು. ಅಮ್ಮನ ಅಪ್ಪ ಎಷ್ಟನೇ ವಯಸ್ಸಿಗೆ ಹೋದರು, ಯಾತರಿಂದ? ನನಗೆ ಗೊತ್ತಿದ್ದದ್ದು ತಾತ ನಾನು ಹುಟ್ಟುವ ಮೊದಲೇ ಹೋದರು ಅನ್ನುವುದಷ್ಟೆ. ಅದನ್ನು ಹೇಳಬಲ್ಲವರು ಲೋಕದಲ್ಲಿ ಒಬ್ಬರೇ.

ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ, ಕ್ಯಾಮೆರಾ ಆಫ್ ಮಾಡದೆ, ಮೊದಲು ನನ್ನ ವಿಷಯ ಹೇಳಿದೆ. ಕಿಡ್ನಿ ಅಂದೆ, ಗೆಡ್ಡೆ ಅಂದೆ, ಆಮೇಲೆ ಕ್ಯಾನ್ಸರ್ ಅಂತಲೇ ಅಂದೆ. ಅಮ್ಮ ಸ್ವಲ್ಪ ಹೊತ್ತು ಸೆರಗಿನಲ್ಲಿ ಫೋನಿನ ಗಾಜು ಒರೆಸಿದರು. "ಎಷ್ಟು ದಿನದಿಂದ ಗೊತ್ತು ನಿಂಗೆ?" ಅಂದರು. ಹನ್ನೊಂದು ದಿನ ಅಂದೆ. "ಹನ್ನೊಂದು ದಿನ ಒಬ್ಳೇ ಇಟ್ಕೊಂಡಿದ್ಯಾ? ನನ್ ಬಿ.ಪಿ. ನಾನು ನೋಡ್ಕೊತೀನಿ ಕಣೇ, ನಿನ್ನ ಯಾರು ನೋಡ್ಕೊತಾರೆ?" ಆಮೇಲೆ ಕೇಳಿದರು, ಇಷ್ಟು ದೊಡ್ಡ ಕಾಯಿಲೆ ಅಂತೀಯ, ಒಂದೂವರೆ ತಿಂಗಳು ಯಾಕೆ ಸುಮ್ನೆ ಕೂರಿಸ್ತಾರೆ ಅಂತ. ಇಷ್ಟುದ್ದ ಬರೆದಿದ್ದನ್ನು ಕನ್ನಡದಲ್ಲಿ ಮೊದಲು ಹೇಳಿದ್ದು ಅಮ್ಮನಿಗೇ. ಮುದುಕರ ಸ್ಕ್ಯಾನ್‌ಗಳ ಕಥೆ ಅವರಿಗೆ ಹಿಡಿಸಿತು. "ಆ ಪುಣ್ಯಾತ್ಮರು ಯಾರೋ" ಅಂದರು.

ತಾತನ ಬಗ್ಗೆ ಕೇಳಿದೆ. ಅಮ್ಮನಿಗೆ ಆಗ ಹದಿನೇಳು. ತಾತನಿಗೆ ಐವತ್ತಿರಬೇಕು, ಐವತ್ತೆರಡಿದ್ದರೂ ಇರಬಹುದು. ಪಕ್ಕೆನೋವು ಅನ್ನುತ್ತಿದ್ದರಂತೆ. ತೆಂಗಿನತೋಟದಲ್ಲಿ ಬಿದ್ದಿದ್ದರಿಂದ ಅಂತ ಎಲ್ಲರೂ ಅಂದುಕೊಂಡರು. ನಾಟಿ ಔಷಧಿ, ಪತ್ಯ, ಧರ್ಮಸ್ಥಳಕ್ಕೆ ಹರಕೆ. ಆರು ತಿಂಗಳಲ್ಲಿ ಸೊರಗಿ ಹೋದರು. ಮೂತ್ರದಲ್ಲಿ ರಕ್ತ ಹೋಗುತ್ತಿತ್ತಾ ಅಂತ ಕೇಳಿದೆ. "ಅದನ್ನೆಲ್ಲ ಆಗ ಹೆಣ್ಮಕ್ಕಳಿಗೆ ಯಾರು ಹೇಳ್ತಿದ್ರು" ಅಂದರು ಅಮ್ಮ. ನಮ್ಮ ಹಳ್ಳಿಯವರನ್ನು ಆ ಕಾಲದಲ್ಲಿ ಯಾವ ಕ್ಯಾನ್ಸರ್ ರಿಜಿಸ್ಟ್ರಿಯೂ ಎಣಿಸುತ್ತಿರಲಿಲ್ಲ. ಪಕ್ಕೆನೋವು ನೂರು ಕಾರಣಕ್ಕೆ ಬರುತ್ತದೆ, ಒಂದು ಬಿಂದುವಿನಿಂದ ಗೆರೆ ಎಳೆಯಬಾರದು ಅಂತ ನನಗೆ ಗೊತ್ತು. ಸಲಹೆಗಾರ್ತಿ ತಾತನ ಚೌಕದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ, ವಯಸ್ಸಿನ ಜಾಗದಲ್ಲಿ "ಸುಮಾರು 50" ಅಂತ ಬರೆದರು.

ರಕ್ತ ಕೊಟ್ಟು ಬಂದಿದ್ದೇನೆ. ಜೀನ್ ಪರೀಕ್ಷೆಯ ಫಲಿತಾಂಶ ಆಪರೇಷನ್ ಆದ ಮೇಲೆ ಬರುತ್ತದೆ. ಅದರಲ್ಲಿ ಏನಾದರೂ ಸಿಕ್ಕರೆ ಅಣ್ಣನೂ, ಇಬ್ಬರು ಚಿಕ್ಕಮ್ಮಂದಿರೂ, ಅವರ ಮಕ್ಕಳೂ ಪರೀಕ್ಷೆ ಮಾಡಿಸಬೇಕಾಗುತ್ತದೆ. ಹಾಗಾಗಿ ಅವರಿಗೂ ಹೇಳಿದ್ದಾಯಿತು, ಅಮ್ಮನೇ ಒಬ್ಬೊಬ್ಬರಿಗೆ ಫೋನ್ ಮಾಡಿ ಹೇಳಿದರು. ಕ್ಯಾನ್ಸರ್ ಅನ್ನುವ ಪದ ಬಳಸಿದರಂತೆ. ತೆಗೆದ ಗೆಡ್ಡೆ ಪ್ರಯೋಗಾಲಯಕ್ಕೆ ಹೋಗಿ, ಅಂಚಿನಲ್ಲಿ ಏನಾದರೂ ಉಳಿದಿದೆಯಾ, ಕೋಶದ ಬೀಜ ಎಷ್ಟು ಒರಟಾಗಿದೆ ಅಂತ ನೋಡಿ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುತ್ತಾರೆ. ಅದಕ್ಕೆ ಇನ್ನೊಂದೆರಡು ವಾರ. ಇವತ್ತಿಗೆ ಆರರಲ್ಲಿ ಮೂರು ವಾರ ಮುಗಿದಿದೆ. ಚಾಂಗಿಗೆ ಬರುವ ಅಮ್ಮನ ಟಿಕೆಟ್ ಬುಕ್ ಆಗಿದೆ, ವೀಸಾ ಇನ್ನೂ ಬರಬೇಕು.